ಖಾಜಾಸಾಬನ ನವಿಲು

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಬಂದೂಕು ಮಾಡುತ್ತಿದ್ದ ಯಾಕೂಬಸಾಬನ ಅಂಗಡಿಯಲ್ಲಿ ೧೯೩೪ರಲ್ಲಿ ನಡೆದದ್ದಿದು. ಇದು ನಿಜವೆಂದು ಅವನ ಹೆಂಡತಿ ಅಮೀನಾಬಿ ಆಣೆ ಮಾಡಿ ಹೇಳುತ್ತಿದ್ದಳು.

ಮುಗದ ಊರಿನ ಗುರುಸಿದ್ದಯ್ಯನವರ ಮನೆತನದ ಚಕಮಕಿ ಬಂದೂಕಿಗೆ ಬೀಟೆಮರದ ಹೊಸ ಹಿಡಿ ಮಾಡಿ, ಅದರಲ್ಲಿ ಬೆಳ್ಳಿ ತಂತಿಯ ನವಿಲು ಕೂರಿಸುವ ಕೆಲಸ ಅದೇ ಓಣಿಯ ಇನ್ನೊಬ್ಬ ಬಂದೂಕು ಕೆಲಸಗಾರ ಖಾಜಾಸಾಬನಿಗೆ ಸಿಕ್ಕಿತ್ತು. ಇಪ್ಪತ್ತು ವರ್ಷ ಎಲ್ಲರೂ ಹೊಗಳಿದ್ದು ಖಾಜಾಸಾಬನ ಕೈಯನ್ನೇ. ಕೇಳಿದಾಗಲೆಲ್ಲ ಯಾಕೂಬಸಾಬನ ಹೊಟ್ಟೆ ಉರಿಯುತ್ತಿತ್ತು. ಮೂರು ಗರಿ ಬಾಕಿ ಇರುವಾಗ ಖಾಜಾಸಾಬ ತೀರಿಕೊಂಡ. ಅವನ ಹೆಂಡತಿ ಶರೀಫಾಬಿ ಬಂದೂಕು ತಂದುಕೊಟ್ಟು, “ಇದನ್ನ ನೀವ ಮುಗಸ್ರಿ ಭಾಯ್, ಮತ್ತ್ಯಾರಿಗೂ ಆಗೂದಿಲ್ಲ” ಎಂದಳು.

ನವಿಲನ್ನೇ ಕೆರೆದು ಹಾಕಿ ತನ್ನದೊಂದು ಹೂಬಳ್ಳಿ ಬಿಡಿಸಬೇಕೆಂದು ಯಾಕೂಬಸಾಬ ಉಳಿ ಎತ್ತಿದ. ಏಪ್ರಿಲ್ ಬಿಸಿಲಲ್ಲೂ ಹಿಡಿ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಅಷ್ಟರಲ್ಲಿ ಮಧ್ಯಾಹ್ನದ ಬಾಂಗು ಕೇಳಿತು. ಅಂಗಡಿಗೆ ಬೀಗ ಹಾಕಿ ನಮಾಜಿಗೆ ಹೋದ.

ಮರಳಿ ಬಂದವನನ್ನು ಕಂಡು, ಅಂಗಡಿಯ ಹಿಂದಿನ ಮನೆಯಿಂದ ಹೊರಬಂದ ಅಮೀನಾಬಿ ದಂಗಾದಳು. “ಅಯ್ಯ, ನೀವು ಹೊರಗ ಅದೀರೇನ್ರಿ? ಮತ್ತ ಅಂಗಡ್ಯಾಗ ಇಷ್ಟೊತ್ತನಾ ಕುಟಕುಟ ಬಡ್ಯಾಕತ್ತಿದ್ದವರು ಯಾರು?”

ಬೀಗ ತೆಗೆದರೆ ಒಳಗೆ ಯಾರೂ ಇರಲಿಲ್ಲ. ಮೂರೂ ಗರಿಗಳು ಮುಗಿದಿದ್ದವು. ಯಾಕೂಬಸಾಬ ಅವನ್ನು ಬಿಸಿಲಿಗೆ ಹಿಡಿದು ಸಂಜೆಯವರೆಗೂ ತಪ್ಪು ಹುಡುಕಿದ, ಕೂದಲೆಳೆಯಷ್ಟೂ ಸಿಗಲಿಲ್ಲ.

ಮರುದಿನ ಗುರುಸಿದ್ದಯ್ಯನವರು ಬಂದು, “ಈ ಕಡೀ ಮೂರು ಗರಿ ಭಾಳ ಛಲೋ ಅದಾವ. ಯಾರ ಕೈಕೆಲಸ?” ಎಂದು ಕೇಳಿದರು.

“ನಂದರಿ” ಎಂದ ಯಾಕೂಬಸಾಬ.

ಪ್ರತಿ ಮಳೆಗಾಲ ಮುಗಿದ ಮೇಲೆ, ಕಪ್ಪಾದ ಬೆಳ್ಳಿಯನ್ನು ತಿಕ್ಕಲು ಆ ಬಂದೂಕು ಅವನ ಬಳಿಗೇ ಬರುತ್ತಿತ್ತು. ಹನ್ನೊಂದು ವರ್ಷ ಹುಣಸೆಹಣ್ಣು ಹಚ್ಚಿ ನವಿಲನ್ನು ತಿಕ್ಕಿದ. ಆ ಮೂರು ಗರಿಗಳು ಮಾತ್ರ ಒಮ್ಮೆಯೂ ಕಪ್ಪಾಗಲಿಲ್ಲ.