ಸ್ಟೀಫನ್ ಹ್ರಿಂಕೊನನ್ನು ಮುಚ್ಚಬೇಡ

"ಏನ್ ಬೇಕಾದ್ರೂ ಮಾಡ್ಕೊ. ಅವನನ್ನ ಮುಚ್ಚಿ ಮಾತ್ರ ಇಡಬೇಡ."

ಎಂಬತ್ತನಾಲ್ಕರ ಥೆಕ್ಲಾ ಹ್ರಿಂಕೊ ಕಾರ್ಡನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಪೆನ್ಸಿಲ್ವೇನಿಯಾದ ನವೆಂಬರ್ ಚಳಿಯಲ್ಲೂ ಮುದುಕಿ ಬೀದಿಬಾಗಿಲನ್ನು ಹಾರುಹೊಡೆದು ಕೂತಿದ್ದಳು. ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ಘಮದ ಜೊತೆಗೆ ಹಳೇ ಕಲ್ಲಿದ್ದಲ ಗುಡ್ಡೆಯ ಒದ್ದೆ ವಾಸನೆಯೂ ಒಳಗೆ ಬರುತ್ತಿತ್ತು.

ಕಾರ್ಡು ಕೊಳ್ಳಲು ಬಂದಿದ್ದ ಕೈಲ್ ಡೆನ್ನಿಂಗ್‌ಗೆ ನಗು ತಡೆಯಲಾಗಲಿಲ್ಲ. "ಇದು ರಟ್ಟಿನ ಚೂರು, ಮಿಸ್ ಹ್ರಿಂಕೊ. ಮುಚ್ಚಿಟ್ರೆ ಇದಕ್ಕೆ ಉಸಿರು ಕಟ್ಟುತ್ತಾ?"

"ಒಂದ್ಸಲ ಕಟ್ಟಿತ್ತು."

1911ರಲ್ಲಿ ಸಿಗರೇಟು ಪೊಟ್ಟಣದೊಳಗೆ ಬರುತ್ತಿದ್ದ ಬೇಸ್‌ಬಾಲ್ ಕಾರ್ಡು ಅದು. ಹಳದಿ ಆಕಾಶದ ಮುಂದೆ ಚೆಂಡು ಹಿಡಿದು ನಿಂತವನು ಸ್ಟೀಫನ್ ಹ್ರಿಂಕೊ, ಥೆಕ್ಲಾಳ ದೊಡ್ಡಪ್ಪ. ಒಂದೇ ಒಂದು ಸೀಸನ್ ಆಡಿದವನು. ಅವನ ಕಾರ್ಡುಗಳು ಉಳಿದಿರುವುದು ನಾಲ್ಕೋ ಐದೋ. ಇದರ ಬೆನ್ನ ಮೇಲೆ ಮೂರು ಕರಿ ಹೆಬ್ಬೆರಳ ಗುರುತುಗಳಿದ್ದವು. ಚಿಕ್ಕಂದಿನಿಂದ ಅಗ್ಗದ ಕಾರ್ಡುಗಳನ್ನೇ ಕೂಡಿಸಿಕೊಂಡು ಬಂದ ಕೈಲ್‌ಗೆ ಇದು ಮೊದಲ ಬೆಲೆಬಾಳುವ ಕಾರ್ಡು. ಅಂಗಿಗೆ ಕೈ ಒರೆಸಿಕೊಂಡೇ ಅದನ್ನು ಮುಟ್ಟಿದ.

ಮುದುಕಿ ಅವನ ಕಥೆ ಹೇಳಿದಳು. ಚಳಿಗಾಲದಲ್ಲಿ ಆಟವಿರುತ್ತಿರಲಿಲ್ಲ. ಆಗ ಸ್ಟೀಫನ್ ಊರಿಗೆ ಬಂದು ಗಣಿಗೆ ಇಳಿಯುತ್ತಿದ್ದ. ಒಂದು ದಿನ ಒಳಗೆ ಬೆಂಕಿ ಬಿತ್ತು. ಅವನೂ ಸೇರಿ ಹನ್ನೊಂದು ಜನ ಕೆಳಗಿದ್ದರು. ಗಾಳಿ ತಪ್ಪಿ ಬೆಂಕಿ ಆರಲಿ, ಕಲ್ಲಿದ್ದಲಾದರೂ ಉಳಿಯಲಿ ಎಂದು ಮಾಲೀಕ ಗಣಿಯ ಬಾಯಿಗೆ ಹಲಗೆ ಹೊಡೆಸಿ, ಮಣ್ಣು ಮೆತ್ತಿಸಿದ. ಎರಡು ದಿನ ಒಳಗಿನಿಂದ ಬಡಿಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತ ದಿನ ಸ್ಟೀಫನ್‌ನ ತಾಯಿ ಪರಾಸ್ಕಾ ಅದೇ ಮಣ್ಣನ್ನು ಲಂಗದ ಮಡಿಲಲ್ಲಿ ತಂದಳು. ಶಾಪ ಹಾಕುವವರ ಹಾಗೆ ಮೇಣದಬತ್ತಿಯನ್ನು ತಲೆಕೆಳಗು ಮಾಡಿ ಹಚ್ಚಿದಳು. ಮಗನ ಕಾರ್ಡಿನ ಬೆನ್ನಿಗೆ ಮೂರು ಸಲ ಹೆಬ್ಬೆರಳೊತ್ತಿ ಏನೋ ಹೇಳಿದಳು.

"ಆ ಮಾಲೀಕ ಡೆನ್ನಿಂಗ್ ನಿನ್ನ ಮುತ್ತಜ್ಜ ಅಲ್ವಾ?" ಎಂದು ಥೆಕ್ಲಾ ಕೇಳಿದಳು.

"ಹೌದು. ಗಣಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ. ಅವರು ಬೇರೆ ಏನ್ ಮಾಡ್ಬೇಕಿತ್ತು?"

ಮುದುಕಿ ಅವನನ್ನೇ ನೋಡಿದಳು. ಆಮೇಲೆ ಬೆಲೆಯನ್ನು ತಾನಾಗಿಯೇ ಅರ್ಧಕ್ಕಿಳಿಸಿದಳು.

ಮಹಾಶಯ ಮಾರನೆಯ ದಿನವೇ ಕಾರ್ಡನ್ನು ಅಂಚೆಗೆ ಹಾಕಿದ. ಅದನ್ನು ಪರೀಕ್ಷಿಸಿ, ಅಂಕ ಕೊಟ್ಟು, ಗಾಳಿಯಾಡದ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಸೀಲ್ ಮಾಡಿ ಕಳಿಸುವವರಿದ್ದಾರೆ. ಹಾಗೆ ಮಾಡಿಸದ ಕಾರ್ಡನ್ನು ಈ ಕಾಲದ ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅದು ವಾಪಸ್ ಬಂತು. ಕೈಲ್ ಕಿಟಕಿಯ ಬೆಳಕಿಗೆ ಹಿಡಿದ. ಪ್ಲಾಸ್ಟಿಕ್ಕಿನ ಮೇಲೆ ಸ್ಟೀಫನ್‌ನ ಬಾಯಿಯ ಹತ್ತಿರ ಸಣ್ಣಗೆ ಹಬೆ ಕಟ್ಟಿತ್ತು. ಅಂಗಿಯ ತುದಿಯಿಂದ ಒರೆಸಿದ. ಹೋಗಲಿಲ್ಲ. ಹಬೆ ಒಳಗಿತ್ತು.

ಟಕ್. ಟಕ್. ಟಕ್.

ಅಂಗೈಯೊಳಗೇ ಸದ್ದು. ಅವನು ಕಾರ್ಡನ್ನು ಮೇಜಿನ ಮೇಲೆ ಎಸೆದ. ಒದ್ದೆ ಕಲ್ಲಿದ್ದಲು, ಸುಟ್ಟ ಮರ, ಬೆವರು, ಮೂರರ ವಾಸನೆಯೂ ಕೋಣೆ ತುಂಬಿತು. ಗಾಳಿ ಬೇಕು ಅನ್ನಿಸಿ ಕಿಟಕಿ ಎತ್ತಲು ಹೋದ. ಕಿಟಕಿ ಅಲುಗಲಿಲ್ಲ. ಬಾಗಿಲ ಹಿಡಿ ತಿರುಗಿತು, ಬಾಗಿಲು ತೆರೆಯಲಿಲ್ಲ. ಆಚೆಯಿಂದ ಯಾರೋ ಹಲಗೆ ಹೊಡೆಯುತ್ತಿದ್ದರು. ಒಂದು ಮೊಳೆ. ಇನ್ನೊಂದು. ಹೊರಗೆ ಬಿಸಿಲಿತ್ತು. ಪಕ್ಕದ ಮನೆಯವನು ಎಲೆ ಗುಡಿಸುತ್ತಿದ್ದ. ಕೈಲ್ ಗಾಜನ್ನು ಬಡಿದ, ಕೂಗಿದ. ಪಕ್ಕದವನು ತಲೆ ಎತ್ತಲೇ ಇಲ್ಲ. ಗಾಜಿನ ಮೇಲೆ ಮಣ್ಣು ಏರತೊಡಗಿತು. ಮೊದಲು ಒಂದು ಗೇಣು. ಆಮೇಲೆ ಅರ್ಧ ಕಿಟಕಿ. ಆಮೇಲೆ ಪೂರ್ತಿ.

ಕತ್ತಲು.

ಸುತ್ತಿಗೆ ಹುಡುಕಿ ಪ್ಲಾಸ್ಟಿಕ್ಕಿಗೆ ಹೊಡೆದ. ಬಿರಿಯಲಿಲ್ಲ. ಮತ್ತೆ ಹೊಡೆದ. ಸುತ್ತಿಗೆಯ ಹಿಡಿಯೇ ಮುರಿಯಿತು. ತಡವರಿಸಿ ಫೋನ್ ಹಚ್ಚಿದ.

"ಮಿಸ್ ಹ್ರಿಂಕೊ! ಬಿಡಿಸಿ! ನಿಮ್ಮ ಕಾಲಿಗೆ ಬೀಳ್ತೀನಿ!"

"ಮುಚ್ಚಿಸಿದ್ಯಾ?"

"ಉಸಿರಾಡೋಕಾಗ್ತಿಲ್ಲ... ಗೊತ್ತಿದ್ದೂ ಯಾಕೆ ಮಾರಿದ್ರಿ?"

"ಹೇಳಿಯೇ ಕೊಟ್ಟಿದ್ದೀನಲ್ಲ! ಹೇಳದೆ ಕೊಟ್ಟಿದ್ರೆ ಶಾಪ ನಂಗೇ ತಗಲ್ತಿತ್ತು." ಮುದುಕಿಯ ದನಿಯಲ್ಲಿ ಅವಸರವಿರಲಿಲ್ಲ. "ಅವತ್ತು ಅಜ್ಜಿ ಪರಾಸ್ಕಾ ಏನು ಹೇಳಿದ್ಲು ಅಂತ ನಿಂಗೆ ಹೇಳಿರ್ಲಿಲ್ಲ. 'ಮುಚ್ಚಿಸಿದವನ ರಕ್ತವೇ ಇನ್ನೊಂದ್ಸಲ ಮುಚ್ಚಿಸ್ಲಿ, ಆಗ ಅವನು ಒಳಗೆ, ನನ್ನ ಮಗ ಹೊರಗೆ' ಅಂದಿದ್ಲು. ಎಷ್ಟೋ ಜನ ಈ ಕಾರ್ಡು ಕೇಳ್ಕೊಂಡು ಬಂದ್ರು. ಯಾರಿಗೂ ಕೊಡ್ಲಿಲ್ಲ. ನಿನ್ನ ಹೆಸರು ಕೇಳಿದ್ಮೇಲೆ ಗೋಡೆಯಿಂದ ಇಳಿಸಿದೆ."

"ನಾನೇನ್ ಮಾಡ್ದೆ? ನಾನು ಹುಟ್ಟೇ ಇರ್ಲಿಲ್ಲ!"

"ಬೇರೆ ಏನ್ ಮಾಡ್ಬೇಕಿತ್ತು ಅಂತ ಕೇಳ್ದಲ್ಲ. ಬಾಗಿಲು ತೆಗೀಬೇಕಿತ್ತು ಮಗಾ."

ಥೆಕ್ಲಾ ಫೋನನ್ನು ಮೇಜಿನ ಮೇಲಿಟ್ಟಳು, ಕರೆ ಕತ್ತರಿಸಲಿಲ್ಲ. ಆಲೂಗಡ್ಡೆ ತುಂಬಿದ ಕಡುಬುಗಳನ್ನು ಒಂದೊಂದಾಗಿ ಬೆಣ್ಣೆಗೆ ಬಿಡುತ್ತ ಆ ಕಡೆಯ ಬಡಿತವನ್ನು ಕೇಳಿಸಿಕೊಂಡಳು. ಬಡಿತ ಜೋರಾಯಿತು. ಮೆತ್ತಗಾಯಿತು. ಬಿಟ್ಟು ಬಿಟ್ಟು ಬಂತು. ಇನ್ನೊಂದೇ ಒಂದು ಸಲ ಬಂತು. ನಿಂತಿತು. ಮರುದಿನ ಪೊಲೀಸರು ಬಂದಾಗ ಕೈಲ್‌ನ ಬಾಗಿಲಿಗೆ ಚಿಲಕ ಹಾಕಿರಲೇ ಇಲ್ಲ, ಬೆರಳಲ್ಲಿ ತಳ್ಳಿದರೆ ತೆರೆಯಿತು. ಅವನ ಉಗುರುಗಳಲ್ಲಿ ಕಲ್ಲಿದ್ದಲ ಪುಡಿಯಿತ್ತು. ಸೀಲ್ ಒಡೆಯದ ಪ್ಲಾಸ್ಟಿಕ್ಕಿನೊಳಗೆ ಬರೀ ಹಳದಿ ಆಕಾಶವಿತ್ತು.

ಆದರೆ ಅದು ಮರುದಿನದ ಮಾತು. ಆ ಶನಿವಾರ ಸಂಜೆ ಥೆಕ್ಲಾ ಎರಡು ತಟ್ಟೆ ಹಾಕಿದಳು. ಹಾರುಹೊಡೆದ ಬಾಗಿಲ ಮೆಟ್ಟಿಲ ಮೇಲೆ ಒಂದೊಂದಾಗಿ ಕರಿ ಹೆಜ್ಜೆಗಳು ಮೂಡಿ, ಹೊಸ್ತಿಲಲ್ಲಿ ಹಿಂಜರಿದು ನಿಂತವು. ಮುದುಕಿಯ ಕಣ್ಣು ತುಂಬಿತು.

"ಒಳಗೆ ಬಾ ದೊಡ್ಡಪ್ಪ," ಎಂದಳು. "ಅಜ್ಜಿ ಈ ಬಾಗಿಲನ್ನ ಯಾರಿಗೂ ಮುಚ್ಚೋಕೆ ಬಿಡ್ಲಿಲ್ಲ."