ಹೆಣ ಶಿವಸ್ವಾಮಿಯ ಉಸಿರು

ಹತ್ತೊಂಬತ್ತನೇ ವಯಸ್ಸಲ್ಲಿ ಕಾವೇರೀಲಿ ಮುಳುಗ್ತಿದ್ದ ಶಿವಸ್ವಾಮೀನ ದೊಡ್ಡಮಾದಯ್ಯ ಜುಟ್ಟು ಹಿಡಿದು ದಡಕ್ಕೆ ಎಳೆದಾಕಿದ್ದ. ಜೀವ ಉಳೀತು, ಮಾನ ಹೋಯ್ತು. ಅವತ್ತಿಂದ ಇಡೀ ನರಸೀಪುರಕ್ಕೆ ಅವನು 'ಹೆಣ ಶಿವಸ್ವಾಮಿ'. ಹೆಣ್ಣು ನೋಡೋಕೆ ಹೋದ್ರೆ ಆ ಹೆಸರು ಅವನಿಗಿಂತ ಮೊದಲೇ ಹೋಗಿ ಕಾಫಿ ಕುಡಿದು ಕೂತಿರ್ತಿತ್ತು.

2003ರ ಬೇಸಿಗೇಲಿ ದೋಣಿ ಸಂಘದೋರು ಒಂದು ಪಂದ್ಯ ಇಟ್ರು. ನೀರೊಳಗೆ ಜಾಸ್ತಿ ಹೊತ್ತು ಇದ್ದೋನೇ ಇನ್ಮುಂದೆ ಊರಿನ ಮುಳುಗುಗಾರ. ನೀರಿಗೆ ಬಿದ್ದೋರನ್ನ ಎತ್ತೋ ಆ ಪಟ್ಟ ಇಪ್ಪತ್ತು ವರ್ಷದಿಂದ ದೊಡ್ಡಮಾದಯ್ಯಂದು. ಆ ಪಟ್ಟ ನಂದಾದ್ರೆ, ಹೆಣ ಎತ್ತೋ ಯಜಮಾನನನ್ನೇ ಹೆಣ ಅನ್ನೋ ಗಂಡು ಯಾವನವ್ನೆ ಅಂತ ಶಿವಸ್ವಾಮಿ ಕನ್ನಡಿ ಮುಂದೆ ಮೀಸೆ ತಿರುವಿದ. ಆದ್ರೆ ಅವನ ಉಸಿರು ಒಂದು ನಿಮಿಷಕ್ಕೇ ಇಂಟರ್ವಲ್ ಕೇಳ್ತಿತ್ತು.

ಅದಕ್ಕೇ ಸ್ಕೂಬಾ. ಕಾರವಾರದ ಕಡೆ ಡೈವಿಂಗ್ ದೋಣೀಲಿ ಕೆಲಸ ಮಾಡ್ತಿದ್ದ ಗೆಳೆಯ ಪ್ರೇಮ್‌ಕುಮಾರ್, ಒಂದು ಗಾಳಿ ಸಿಲಿಂಡರೂ ಅದರ ಗಾಳೀನ ಬಾಯಿಗೆ ತಲುಪಿಸೋ ರೆಗ್ಯುಲೇಟರ್ ಎರಡೂ ತಂದು ಮುಂದಿಟ್ಟ. ಶಿವಸ್ವಾಮಿ ವಧುಪರೀಕ್ಷೆ ಥರ ನೋಡಿದ. ಮೊದಲನೇದು ಹಗುರ, ಆದ್ರೆ ಒಳಗೆ ಮರಳು ಹೋದ್ರೆ ಕೆಟ್ಟೋಗುತ್ತೆ. ಎರಡನೇದು ಪೂರ್ತಿ ಮುಚ್ಚಿರೋದು, ಕೆಸರಿಗೂ ಜಗ್ಗಲ್ಲ. ಅದೇ ಸರಿ. ಅದರಿಂದ ಮೂರು ಪೈಪು ನೇತಾಡ್ತಿದ್ವು: ಬಾಯಿಗೊಂದು, ಗಾಳಿ ಎಷ್ಟಿದೆ ಅಂತ ತೋರಿಸೋ ಮೀಟರಿಗೊಂದು, ಇನ್ನೊಂದು ಹಳದಿ.

"ಇದು ಜೊತೆಗಾರನಿಗೆ ಕಣ್ಲಾ. ಅವನ ಗಾಳಿ ಮುಗುದ್ರೆ ಇದ ಕಚ್ಕತಾನೆ."

"ನಂಜೊತೆ ಯಾವನ್ಲಾ ಬತ್ತಾನೆ? ನೇತಾಡ್ಲಿ ಬುಡು."

ಉಳಿದಿದ್ದೆಲ್ಲ ಪಕ್ಕಾ ಸ್ಕ್ರೀನ್‌ಪ್ಲೇ. ಗುಳ್ಳೆ ಕಾಣಬಾರದು ಅಂತ ಸಿಲಿಂಡರನ್ನ ಅಂತರಗಂಗೆ ದಟ್ಟವಾಗಿ ಹಬ್ಬಿದ್ದ ಕಡೆ, ಮುಳುಗಿದ್ದ ಹಳೇ ದೋಣಿ ಕೆಳಗೆ ತೂರಿಸಿದ. ಯಾವನೂ ಇನ್ನೊಂದ್ಸಲ ಜುಟ್ಟಿಗೆ ಕೈ ಹಾಕಬಾರದು ಅಂತ ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು ಬಂದ. ಎದ್ದು ಬರುವಾಗ ಹೊಡೆಯೋ ಡೈಲಾಗೂ ರೆಡಿ: "ಮುಳುಗೋದು ಜನ. ನಾನು ಇಳಿಯೋದು."

ಪಂದ್ಯದ ದಿನ ದೊಡ್ಡಮಾದಯ್ಯ ಮೂರು ನಿಮಿಷ ಇದ್ದು ಕೆಮ್ಮುತ್ತಾ ಎದ್ದ. ಶಿವಸ್ವಾಮಿ ಇಳಿದು ಪೈಪು ಕಚ್ಚಿ ಆರಾಮಾಗಿ ಕೂತ. ನಾಲ್ಕು ನಿಮಿಷಕ್ಕೆ ಎದ್ದಿದ್ರೆ ಸಾಕಿತ್ತು. ಆದ್ರೆ ಹೀರೋ ಎಂಟ್ರಿ ಲೇಟಾದಷ್ಟೂ ಶಿಳ್ಳೆ ಜಾಸ್ತಿ ಅಲ್ವಾ? ಐದಾಯ್ತು. ಏಳಾಯ್ತು. ದಡದ ಮೇಲೆ ಅವನವ್ವ ಮುತ್ತಮ್ಮ ಎದೆ ಬಡ್ಕೊಂಡು ಅಳ್ತಿದ್ದಿದ್ದು ಅವನಿಗೆ ಕೇಳಿಸ್ಲಿಲ್ಲ. ಪಂದ್ಯ ಮರೆತು, ಇಪ್ಪತ್ತು ವರ್ಷ ಮಾಡಿದ್ದ ಕೆಲಸಕ್ಕೇ ದೊಡ್ಡಮಾದಯ್ಯ ಮತ್ತೆ ನೀರಿಗೆ ಹಾರಿದ್ದೂ ಕಾಣಿಸ್ಲಿಲ್ಲ.

ನುಣ್ಣನೆ ತಲೆ ಮೇಲೆ ಒಂದು ಕೈ ಜಾರಿತು. ಜುಟ್ಟು ಸಿಗಲಿಲ್ಲ. ಶಿವಸ್ವಾಮಿ ಒಳಗೇ ನಕ್ಕ. ಆಮೇಲೆ ಆ ಕೈ ಮೂಗುದಾರ ಹಿಡಿದಂಗೆ ಏನನ್ನೋ ಹಿಡಿದು ಜಗ್ಗಿತು. ಸಿಲಿಂಡರು ಎದ್ದು ಬಂತು, ಅದರ ಇನ್ನೊಂದು ಪೈಪು ಕಚ್ಚಿದ್ದ ಶಿವಸ್ವಾಮೀನೂ ಹಂಗಂಗೇ ದಡಕ್ಕೆ ಬಂದ, ಊರೆಲ್ಲಾ ನೋಡ್ತಿತ್ತು. ಮುದುಕನ ಮುಷ್ಟೀಲಿ ಹಳದಿ ಪೈಪು. ಎಂಥಾ ಕೆಸರು ನೀರಲ್ಲೂ ಎರಡನೇ ಮುಳುಗುಗಾರನ ಕಣ್ಣಿಗೆ ಬೀಳಲಿ ಅಂತಲೇ ಅದಕ್ಕೆ ಆ ಬಣ್ಣ ಕೊಟ್ಟಿರೋದು.