ಒಂಬೈನೂರು ಕೋವಿಗಳ ಅರಮನೆ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಹಿರಿಗಡವೆಂಬ ರಾಜ್ಯದಲ್ಲಿ ಮಾಚಲೆ ಎಂಬ ಕಮ್ಮಾರರ ಹೆಣ್ಣುಮಗಳಿದ್ದಳು. ಅಪ್ಪ ಅವ್ವ ಬೇಗ ತೀರಿಕೊಂಡರು. ತಮ್ಮ ಕೇತನನ್ನು ಅವಳೇ ಎತ್ತಿ ಆಡಿಸಿ ಬೆಳೆಸಿದಳು. ಕಾಲಾಳುಗಳ ಕೋವಿ ಮಾಡುವುದು, ಕೆಟ್ಟರೆ ಸರಿಪಡಿಸುವುದು ಅವಳ ಕಸುಬು. ನಳಿಗೆಯನ್ನು ಉಗುರಿನಿಂದ ತಟ್ಟಿ, ಬಂದ ಸದ್ದಿನಲ್ಲೇ ಬಿರುಕು ಎಲ್ಲಿದೆ ಎಂದು ಹೇಳಿಬಿಡುತ್ತಿದ್ದಳು.

ಯುದ್ಧ ಬಂತು. ಕೇತನಿಗೂ ಕರೆ ಬಂತು.

"ಬೇರೆಯವರು ಮಾಡಿದ್ದು ನನಗೆ ಬೇಡಕ್ಕ, ನೀನೇ ಮಾಡಿಕೊಡು" ಎಂದ.

ಮಾಚಲೆ ಅಳುತ್ತಲೇ ಕೋವಿ ಮಾಡಿದಳು. ಅವನ ಹೆಗಲಿಗೆ ತಕ್ಕಂತೆ ಹಿಡಿಯನ್ನು ಕೆತ್ತಿಕೊಟ್ಟಳು.

ಯುದ್ಧ ಮುಗಿಯಿತು, ರಾಜ ಗೆದ್ದ. ಆದರೆ ಒಂಬೈನೂರು ಕಾಲಾಳುಗಳು ಮನೆಗೆ ಮರಳಲಿಲ್ಲ. ರಣದಲ್ಲಿ ಅವರ ಹೆಣವೂ ಸಿಗಲಿಲ್ಲ, ಕೋವಿಯೂ ಸಿಗಲಿಲ್ಲ. ಮೂರು ವರ್ಷ ಮಾಚಲೆ ಹೋದವರನ್ನು ಬಂದವರನ್ನು ಕೇಳಿದಳು. ಕಡೆಗೆ ಉಪ್ಪು ಮಾರುವ ಮುದುಕಿಯೊಬ್ಬಳು ಹೇಳಿದಳು:

"ಕರಿಗಲ್ಲ ಬೆಟ್ಟದಲ್ಲಿ ಮಾರಂಗನೆಂಬ ಮಾಂತ್ರಿಕ ಇದ್ದಾನೆ ಮಗಳೇ. ಕಾಲಾಳುಗಳ ಕೋವಿ ಕೂಡಿಡುವುದೇ ಅವನ ಹುಚ್ಚು. ಬರೀ ಕೋವಿ ತರುವುದಿಲ್ಲ, ಹಿಡಿದವನನ್ನೂ ಅದರೊಳಗೇ ತುಂಬಿ ತರುತ್ತಾನೆ."

ಏಳು ದಿನ ನಡೆದು ಮಾಚಲೆ ಬೆಟ್ಟ ಹತ್ತಿದಳು. ಅಲ್ಲಿ ಕಲ್ಲಿನ ಅರಮನೆ. ನೆಲದಿಂದ ಸೂರಿನವರೆಗೆ ಗೋಡೆಯ ತುಂಬ ಕೋವಿಗಳು. ಮಾರಂಗ ಕೈಯಲ್ಲಿ ಎಣ್ಣೆಬಟ್ಟೆ ಹಿಡಿದು ಒಂದೊಂದನ್ನೇ ಒರೆಸುತ್ತಿದ್ದ.

ಕೋವಿ ಬಲ್ಲವಳು ಬಂದಳೆಂದು ಅವನಿಗೆ ಸಡಗರ. "ನೋಡು, ಇದು ಬತ್ತಿ ಹೊತ್ತಿಸಿ ಹಾರಿಸುವ ಕೋವಿ, ಮಳೆ ಬಂದರೆ ಕೆಲಸಕ್ಕೆ ಬಾರದು. ಇದು ಚಕಮಕಿಯದು. ಇದರ ಗುಂಡು ನೂರು ಮಾರು ಹೋದರೆ, ಅಗೋ ಅದರದು ಇನ್ನೂರು ಮಾರು!"

"ಇದನ್ನು ಹಿಡಿದವನ ಹೆಸರೇನು?" ಎಂದಳು ಮಾಚಲೆ.

"ಹೆಸರು ಯಾರಿಗೆ ಬೇಕು?"

ಗೋಡೆಯ ಕೋವಿಗಳು ಮೆಲ್ಲಗೆ ಉಸಿರಾಡುತ್ತಿದ್ದವು. ಅದು ಮಾಚಲೆಗೆ ಕೇಳಿಸಿತು.

"ನನ್ನ ತಮ್ಮನನ್ನು ಕೊಡು" ಎಂದಳು.

"ಮೂರು ಪರೀಕ್ಷೆ ಗೆದ್ದರೆ ಕೊಡುತ್ತೇನೆ. ಸೋತರೆ ನೀನೂ ಇಲ್ಲೇ ತೂಗಬೇಕು."

ಮೊದಲು ಅವಳ ಕಣ್ಣು ಕಟ್ಟಿ ಮುಂದೆ ಮೂರು ಕೋವಿ ಇಟ್ಟ. "ಹೇಳು ಕಮ್ಮಾರರ ಹೆಣ್ಣೇ, ಯಾವುದು ಹಳೆಯದು?"

ಮಾಚಲೆ ಬೆರಳಾಡಿಸಿದಳು. "ನಡುವಿನದು. ಬತ್ತಿ ಸಿಕ್ಕಿಸುವ ಕೊಕ್ಕೆ ಇದ್ದ ಜಾಗವನ್ನು ಮುಚ್ಚಿ, ಆಮೇಲೆ ಚಕಮಕಿ ಕೂರಿಸಿದ್ದಾರೆ. ತಾತನದನ್ನು ಮೊಮ್ಮಗ ಹಿಡಿದಿದ್ದಾನೆ."

ಎರಡನೆಯ ಸಲ, ಬಾಯಿಗೆ ಅರಗು ಮೆತ್ತಿದ ಎರಡು ಕೋವಿ ತಂದ. ನೋಡಲು ಅವಳಿಜವಳಿ. "ಹೇಳು ಕಮ್ಮಾರರ ಹೆಣ್ಣೇ, ಯಾವುದರ ನಳಿಗೆಯೊಳಗೆ ಗುಂಡು ತಿರುಗುತ್ತ ಹೋಗಲೆಂದು ಸುರುಳಿ ಗೆರೆ ಕೊರೆದಿದೆ?"

ಮಾಚಲೆ ಉಗುರಿನಿಂದ ತಟ್ಟಿದಳು. ಒಂದು ಕೋವಿ ಗಂಟೆಯ ಹಾಗೆ ನುಡಿಯಿತು, ಇನ್ನೊಂದರ ದನಿ ನಡುಗಿತು. ನಡುಗಿದ್ದನ್ನು ಎತ್ತಿ ಕೊಟ್ಟಳು. ಅದು ಸರಿಯಾಗಿತ್ತು.

ಮಾರಂಗನ ಮುಖ ಬಿಗಿಯಿತು. "ಹೇಳು ಕಮ್ಮಾರರ ಹೆಣ್ಣೇ, ಇಷ್ಟು ಕೋವಿಗಳಲ್ಲಿ ನಿನ್ನ ತಮ್ಮ ಎಲ್ಲಿ? ಒಂದೇ ಒಂದನ್ನು ಮುಟ್ಟು. ಮುಟ್ಟಿದ್ದು ನಿನ್ನದು, ಅದನ್ನು ಏನು ಬೇಕಾದರೂ ಮಾಡಿಕೋ. ಬೇರೆ ಯಾವುದನ್ನು ಮುಟ್ಟಿದರೂ ನಿನ್ನ ತಮ್ಮನ ಕೋವಿ ಇದ್ದಲ್ಲೇ ಕರಗುತ್ತದೆ."

ತಾನು ಮಾಡಿದ ಕೋವಿಯನ್ನು ಮಾಚಲೆ ಎಂಟನೆಯ ಸಾಲಿನಲ್ಲಿ ಕಂಡಳು. ಕೈ ಚಾಚಿದಳು. ಒಳಗಿನಿಂದ ಅವಳಿಗಷ್ಟೇ ಕೇಳುವ ಪಿಸುದನಿ ಬಂತು.

"ಅಕ್ಕಾ, ಮುಟ್ಟಬೇಡ."

"ಕೇತಾ! ಮಗಾ!" ಎಂದು ಅವಳೂ ಪಿಸುಗುಟ್ಟಿದಳು.

"ಬಾಗಿಲ ಮೇಲಿನ ಕೋವಿ ನೋಡಕ್ಕ. ನಾವೆಲ್ಲ ನಮ್ಮ ನಮ್ಮ ಉಸಿರು ಎಳೆಯುತ್ತೇವೆ. ಅದು ಮಾತ್ರ ಅವನು ಉಸಿರೆಳೆದಾಗ ಎಳೆಯುತ್ತದೆ. ಅವನ ಜೀವ ಅದರಲ್ಲಿದೆ."

ಮಾಚಲೆ ತಲೆಯೆತ್ತಿ ನೋಡಿದಳು. ಉಳಿದೆಲ್ಲ ಕೋವಿಗಳ ಹಿಡಿ ಅಂಗೈ ಬೆವರಿಗೆ ಕಪ್ಪಾಗಿತ್ತು, ಕೆನ್ನೆ ಒತ್ತಿ ಒತ್ತಿ ಸವೆದಿತ್ತು. ಅದರ ಮೇಲೆ ಮಾತ್ರ ಮನುಷ್ಯನ ಗುರುತೇ ಇರಲಿಲ್ಲ. ಯಾವ ಕಾಲಾಳೂ ಅದನ್ನು ಹೊತ್ತಿರಲಿಲ್ಲ.

"ನಿನ್ನನ್ನು ಕರಗಿಸಿ ನಾನು ಅದನ್ನು ಮುಟ್ಟಲಾ? ಇದಕ್ಕಾ ಇಷ್ಟು ದೂರ ಬಂದದ್ದು?"

"ನನ್ನ ಪಕ್ಕದವನ ಹೆಂಡತಿ ಬಸುರಿಯಾಗಿದ್ದಳಂತೆ. ಮಗು ಗಂಡೋ ಹೆಣ್ಣೋ ಅಂತ ದಿನಾ ಕೇಳುತ್ತಾನೆ. ಅವನನ್ನು ಬಿಟ್ಟು ನಾನೊಬ್ಬನೇ ಮನೆಗೆ ಬಂದು ಹೇಗೆ ಉಣ್ಣಲಕ್ಕ?"

ಮಾಚಲೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ನೋವಾಗುತ್ತೇನೋ?" ಎಂದಳು.

"ಇಲ್ಲಕ್ಕ. ನೀನು ಎದುರಿಗೇ ಇದ್ದೀಯಲ್ಲ."

ಅವಳು ತಿರುಗಿದಳು. ಬಾಗಿಲವರೆಗೆ ಹದಿನೆಂಟು ಹೆಜ್ಜೆ. ಹದಿನೆಂಟೂ ಹೆಜ್ಜೆ ಅವಳಿಗೆ ಬೆಟ್ಟಕ್ಕಿಂತ ಭಾರವಾದವು. ಮಾರಂಗ "ಬೇಡ! ತಮ್ಮನನ್ನೇ ಒಯ್ಯಿ, ಕೊಟ್ಟೆ!" ಎಂದು ಕೂಗಿದ. ಮಾಚಲೆ ಕೋವಿಯನ್ನು ಕಿತ್ತು ಹೊಸ್ತಿಲ ಕಲ್ಲಿಗೆ ಅಪ್ಪಳಿಸಿದಳು. ನಳಿಗೆ ಸೀಳಿತು. ಮಾರಂಗ ಬೂದಿಯಾಗಿ ಉದುರಿದ.

ಗೋಡೆಗಳಿಂದ ಒಬ್ಬೊಬ್ಬರೇ ಇಳಿದರು. ಕಣ್ಣುಜ್ಜಿಕೊಂಡು, ಹೆಂಡತಿಯರ ಹೆಸರು ಹೇಳುತ್ತ, ತಾಯಂದಿರ ಹೆಸರು ಹೇಳುತ್ತ ಎಂಟುನೂರ ತೊಂಬತ್ತೊಂಬತ್ತು ಮಂದಿ ಇಳಿದರು. ಎಂಟನೆಯ ಸಾಲಿನ ಕೆಳಗೆ ಕರಗಿದ ಕಬ್ಬಿಣ ಇನ್ನೂ ಬಿಸಿಯಾಗಿತ್ತು. ಅದು ಆರುವವರೆಗೆ ಮಾಚಲೆ ಪಕ್ಕದಲ್ಲೇ ಕೂತಿದ್ದಳು. ಅಷ್ಟೂ ಮಂದಿ ಅವಳನ್ನು ಬಿಟ್ಟು ಬೆಟ್ಟ ಇಳಿಯಲಿಲ್ಲ.

ಹಿರಿಗಡದಲ್ಲಿ ಮನೆಮನೆಗೆ ಹಬ್ಬವಾಯಿತು. ಮಾಚಲೆ ಒಂದು ವರ್ಷ ಕುಲುಮೆ ಹಚ್ಚಲಿಲ್ಲ. ಒಂದು ಮುಂಜಾನೆ, ಬಿಡುಗಡೆಯಾದವರಲ್ಲಿ ಒಬ್ಬ ಮುರಿದ ನೇಗಿಲ ಕುಳ ಹೊತ್ತು ಬಂದು, "ಅಕ್ಕಾ, ಬಿತ್ತನೆಗೆ ಹೊತ್ತಾಯಿತು" ಎಂದು ಬಾಗಿಲಲ್ಲಿ ನಿಂತ. ಅಕ್ಕಾ ಎಂಬ ಮಾತು ಕೇಳಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕುಲುಮೆಯ ಮುಂದೆ ಕೂತು, "ತಿದಿ ಒತ್ತಪ್ಪ" ಎಂದಳು.

ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು. ಮಾಚಲೆಯೂ ಸುಖವಾಗಿದ್ದಳು, ವರ್ಷದಲ್ಲಿ ಬಹಳಷ್ಟು ದಿನ.